ಫ್ರಿಜ್ಜಿನೊಳಗೆ ಎಷ್ಟು ತಾಪಮಾನಗಳು?

ಅಳತೆಯ ಉಪಕರಣಗಳ ಕುರಿತು ಓದುಗರು ಕೇಳುವ ಪ್ರಶ್ನೆಗಳಲ್ಲಿ ಒಂದು ಮಾತ್ರ ಬೇರೆ ಬೇರೆ ವೇಷದಲ್ಲಿ ಮತ್ತೆ ಮತ್ತೆ ಬರುತ್ತದೆ. ಕೇಳುವವರು ಔಷಧಿ ಅಂಗಡಿಯವರಿರಬಹುದು, ಮಕ್ಕಳ ಕ್ಲಿನಿಕ್ ನಡೆಸುವ ವೈದ್ಯರಿರಬಹುದು, ಐಸ್‌ಕ್ರೀಂ ದಾಸ್ತಾನು ಇಟ್ಟವರೋ ಅಣಬೆ ಬೆಳೆಯುವವರೋ ಇರಬಹುದು. ಒಂದೇ ತಂತಿಯ ಡಿಜಿಟಲ್ ಥರ್ಮಾಮೀಟರ್ ಕೆಲವು ನೂರು ರೂಪಾಯಿಗೆ ಸಿಗುವಾಗ, ನಾಲ್ಕು ತಂತಿ ಸಿಕ್ಕಿಸಿಕೊಂಡು ದಿನಗಟ್ಟಲೆ ದಾಖಲೆ ಇಡುವ ಮೀಟರಿಗೆ ಅದರ ಹಲವು ಪಟ್ಟು ಹಣ ಸುರಿಯಬೇಕೇ ಎಂಬುದು ಅವರೆಲ್ಲರ ಅನುಮಾನ. ಮಾರುವವರ ಉತ್ತರ ಸಲೀಸು: ನಾಲ್ಕು ಕಡೆ ಅಳೆದರೆ ನಾಲ್ಕು ಪಟ್ಟು ಭದ್ರ. ಈ ಮಾತನ್ನು ನಾನು ಒಪ್ಪುವುದಿಲ್ಲ. ದಿನನಿತ್ಯದ ಕಾವಲಿಗೆ ಬಹುತೇಕರಿಗೆ ಒಂದೇ ಪ್ರೋಬ್ ಸಾಕು. ಆದರೆ ಆ ಒಂದು ಪ್ರೋಬನ್ನು ಎಲ್ಲಿ ಇಡಬೇಕು ಎಂದು ತಿಳಿಯಬೇಕಾದರೆ, ಒಂದು ಸಲವಾದರೂ ಹಲವು ಕಡೆ ಒಟ್ಟಿಗೆ ಅಳೆದು ನೋಡದೆ ದಾರಿಯಿಲ್ಲ. ಬಹು ಚಾನೆಲ್‌ನ ಥರ್ಮಾಮೀಟರ್ ತಪಾಸಣೆಯ ಸಾಧನ, ಕಾವಲಿನ ಸಾಧನವಲ್ಲ. ಈ ವ್ಯತ್ಯಾಸ ಹಿಡಿದರೆ ಹಣವೂ ಉಳಿಯುತ್ತದೆ, ಫ್ರಿಜ್ಜಿನೊಳಗಿನ ಸರಕೂ ಉಳಿಯುತ್ತದೆ.

ಥರ್ಮಾಮೀಟರ್ ಯಾವುದೇ ಇರಲಿ, ಅದು ಹೇಳುವುದು ತನ್ನ ತುದಿ ಎಷ್ಟು ಬಿಸಿಯಾಗಿದೆ ಎಂಬುದನ್ನು ಮಾತ್ರ. ಕೋಣೆಯದ್ದೋ ಕಪಾಟಿನದ್ದೋ ತಾಪಮಾನ ಎಂದು ಅದನ್ನು ಓದಿಕೊಳ್ಳುವವರು ನಾವು. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕು ಎನ್ನುತ್ತೇವಲ್ಲ, ಅದು ಕುದಿಯುವ ನೀರು ಇಡೀ ಪಾತ್ರೆಯನ್ನು ಕಲಕುತ್ತಿರುವುದರಿಂದ ಸಲ್ಲುವ ಮಾತು. ಫ್ರಿಜ್ಜಿನಲ್ಲಿ ಅಂಥ ಕಲಕು ಇಲ್ಲ. ತಣ್ಣನೆಯ ಗಾಳಿ ಭಾರ, ಕೆಳಗಿಳಿಯುತ್ತದೆ. ತಂಪು ಹುಟ್ಟುವ ಗೋಡೆಯ ಬಳಿ ಒಂದು ಲೆಕ್ಕ, ಬಾಗಿಲ ಬಳಿ ಇನ್ನೊಂದು ಲೆಕ್ಕ. ಫ್ಯಾನ್ ಇರುವ ಮಾದರಿಗಳಲ್ಲಿ ತಂಪು ಗಾಳಿ ಹೊರಬರುವ ಕಿಂಡಿಯ ಎದುರಿಗೆ ಕೂತ ಬಾಟಲಿ, ಅದೇ ತಟ್ಟೆಯ ಇನ್ನೊಂದು ಮೂಲೆಯ ಬಾಟಲಿಗಿಂತ ಹಲವು ಡಿಗ್ರಿ ತಣ್ಣಗಿರಬಹುದು. ಪೆಟ್ಟಿಗೆಗಳನ್ನು ಒತ್ತೊತ್ತಾಗಿ ತುಂಬಿದರೆ ಗಾಳಿಯ ಹಾದಿ ಕಟ್ಟಿ ಚಿತ್ರವೆಲ್ಲ ಬದಲಾಗುತ್ತದೆ. ಹೀಗಿರುವಾಗ ಬಾಗಿಲ ಮೇಲಿನ ಪುಟ್ಟ ಪರದೆಯಲ್ಲಿ 5 ಎಂದು ಹೊಳೆಯುವ ಅಂಕಿ ಸುಳ್ಳೇನಲ್ಲ. ಅದು ಒಳಗೆ ಸೆನ್ಸರ್ ಕೂತಿರುವ ಒಂದು ಮೂಲೆಯ ಬಗ್ಗೆ ಮಾತ್ರ ನಿಜ.

ಮನೆಯ ತರಕಾರಿಗೆ ಈ ಸೂಕ್ಷ್ಮ ಬೇಕಿಲ್ಲ. ಲಸಿಕೆಗೆ ಬೇಕು, ಆದ್ದರಿಂದ ಅದನ್ನೇ ಉದಾಹರಣೆಯಾಗಿ ಹಿಡಿಯೋಣ. ನಮ್ಮ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ 1985ರಲ್ಲಿ ಶುರುವಾಯಿತು. ಅದರಲ್ಲಿ ಬಳಸುವ ಬಹುತೇಕ ಲಸಿಕೆಗಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೆ ಇಡಬೇಕು. ಬಿಸಿಯಾದರೆ ಲಸಿಕೆ ಕೆಡುತ್ತದೆ ಎಂಬುದು ಎಲ್ಲರಿಗೂ ಗೊತ್ತು. ತೀರಾ ತಣ್ಣಗಾದರೂ ಕೆಡುತ್ತದೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಹೆಪಟೈಟಿಸ್ ಬಿ, ಪೆಂಟಾವೇಲೆಂಟ್, ಡಿಪಿಟಿ, ಟಿಡಿ ಲಸಿಕೆಗಳಲ್ಲಿ ಅಲ್ಯುಮಿನಿಯಂ ಲವಣದ ಸಣ್ಣ ಕಣಗಳಿಗೆ ಲಸಿಕೆಯ ಅಂಶ ಅಂಟಿಕೊಂಡಿರುತ್ತದೆ. ಹೆಪ್ಪುಗಟ್ಟಿದಾಗ ಆ ಕಣಗಳು ಒಂದಕ್ಕೊಂದು ಕೂಡಿ ಗಂಟಾಗುತ್ತವೆ, ಕರಗಿದ ಮೇಲೂ ಬಿಡಿಯಾಗುವುದಿಲ್ಲ, ಲಸಿಕೆಯ ಕಸುವು ಹೋಗುತ್ತದೆ. ಹೆಪಟೈಟಿಸ್ ಬಿ ಲಸಿಕೆ ಹೆಪ್ಪುಗಟ್ಟುವುದು ಸುಮಾರು ಮೈನಸ್ 0.5 ಡಿಗ್ರಿಗೆ. ಅಂದರೆ ಅನುಮತಿಸಿದ ಕೆಳಮಿತಿಗೂ ಹಾನಿಗೂ ನಡುವೆ ಇರುವ ಅಂತರ ಕೇವಲ ಎರಡೂವರೆ ಡಿಗ್ರಿ. ಸೀಸೆಯ ಮೇಲಿನ ಚೌಕದ ಬಣ್ಣ ನೋಡಿ ಲಸಿಕೆ ಸರಿಯಿದೆಯೇ ಎಂದು ತೀರ್ಮಾನಿಸುತ್ತಾರಲ್ಲ, ಆ ವಿವಿಎಂ ಗುರುತು ಹೇಳುವುದು ಲಸಿಕೆ ಉಂಡ ಶಾಖದ ಲೆಕ್ಕವನ್ನು. ಹೆಪ್ಪುಗಟ್ಟಿತ್ತೇ ಎಂದು ಅದಕ್ಕೆ ಗೊತ್ತಾಗುವುದಿಲ್ಲ. 2017ರಲ್ಲಿ ‘ವ್ಯಾಕ್ಸಿನ್’ ಪತ್ರಿಕೆಯಲ್ಲಿ ಬಂದ ಒಂದು ಸಮೀಕ್ಷೆ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಹಾಕಿ ನೋಡಿತು. ದಾಸ್ತಾನಿನ ಹಂತದಲ್ಲಿ ಕೆಳಮಿತಿಗಿಂತ ತಣ್ಣಗಾದ ಪ್ರಮಾಣ ಶ್ರೀಮಂತ ದೇಶಗಳಲ್ಲಿ ಶೇ 33, ಕಡಿಮೆ ಆದಾಯದ ದೇಶಗಳಲ್ಲಿ ಶೇ 37.1. ಬಡತನ ಇದಕ್ಕೆ ಪೂರ್ತಿ ಕಾರಣವಲ್ಲ ಎಂಬುದಕ್ಕೆ ಈ ಎರಡು ಅಂಕಿಗಳ ನಡುವಿನ ಸಣ್ಣ ಅಂತರವೇ ಸಾಕ್ಷಿ. ಒಳ್ಳೆಯ ಫ್ರಿಜ್ಜು, ತಪ್ಪದ ಕರೆಂಟು, ಓದುಬಲ್ಲ ಸಿಬ್ಬಂದಿ ಎಲ್ಲವೂ ಇದ್ದ ಕಡೆಯೂ ಲಸಿಕೆ ಅತಿಯಾಗಿ ತಣ್ಣಗಾಗುತ್ತಿದೆ.

ನಮ್ಮ ಆರೋಗ್ಯ ಕೇಂದ್ರಗಳಲ್ಲಿ ಲಸಿಕೆ ಇಡುವ ಐಎಲ್‌ಆರ್ (ಐಸ್ ಲೈನ್ಡ್ ರೆಫ್ರಿಜರೇಟರ್) ಪೆಟ್ಟಿಗೆಗಳನ್ನು ಬಳಸುವ ಪದ್ಧತಿಯಲ್ಲೇ ಈ ತಿಳಿವಳಿಕೆ ಅಡಗಿದೆ. ಮೇಲಕ್ಕೆ ಮುಚ್ಚಳ ತೆರೆಯುವ ಈ ಪೆಟ್ಟಿಗೆಯ ತಳವೇ ಅತ್ಯಂತ ತಣ್ಣಗಿನ ಜಾಗ. ಪೋಲಿಯೊ ಹನಿ, ದಡಾರ-ರುಬೆಲ್ಲಾದಂಥ ಶಾಖಕ್ಕೆ ಸೋಲುವ ಲಸಿಕೆಗಳು ಕೆಳಗೆ, ಹೆಪ್ಪಿಗೆ ಸೋಲುವ ಲಸಿಕೆಗಳು ಮೇಲಿನ ಬುಟ್ಟಿಯಲ್ಲಿ ಎಂಬುದು ನಿಯಮ. ಥರ್ಮಾಮೀಟರನ್ನೂ ಆ ಬುಟ್ಟಿಯಲ್ಲೇ ಇಡಬೇಕು. ಯಾರೋ ಹಿಂದೆ ಆ ಪೆಟ್ಟಿಗೆಯೊಳಗೆ ಹಲವು ಕಡೆ ಅಳೆದು ನೋಡಿದ್ದರಿಂದಲೇ ಈ ನಿಯಮ ಹುಟ್ಟಿದ್ದು. ತೊಂದರೆ ಇರುವುದು ಹೀಗೆ ಅಳೆದು ನೋಡದ ಪೆಟ್ಟಿಗೆಗಳಲ್ಲಿ. ಖಾಸಗಿ ಕ್ಲಿನಿಕ್ಕುಗಳಲ್ಲಿ, ಔಷಧಿ ಅಂಗಡಿಗಳಲ್ಲಿ ಲಸಿಕೆ ಮತ್ತು ಇನ್ಸುಲಿನ್ ಕಾಯುತ್ತಿರುವುದು ಸಾಮಾನ್ಯವಾಗಿ ಹಾಲು, ಸೊಪ್ಪು ಇಡಲೆಂದು ತಯಾರಾದ ಮನೆಬಳಕೆಯ ಫ್ರಿಜ್ಜು. ಅದರ ಮೇಲೆ ಫ್ರೀಜರು, ಕೆಳಗೆ ತರಕಾರಿ ತಟ್ಟೆ, ಪಕ್ಕದಲ್ಲಿ ಬಾಗಿಲ ತಟ್ಟೆ. ಇವುಗಳಲ್ಲಿ ಯಾವುದು ಎಷ್ಟು ತಣ್ಣಗೆ ಎಂದು ಆ ಫ್ರಿಜ್ಜಿನ ಕೈಪಿಡಿಯಲ್ಲಿ ಬರೆದಿರುವುದಿಲ್ಲ.

ಇಲ್ಲಿಗೆ ನಾಲ್ಕು ಚಾನೆಲಿನ ಮೀಟರು ಬಂದರೆ ಏನು ಮಾಡುತ್ತದೆ ನೋಡಿ. ಅದರ ಮೂಲ ತತ್ವ ಹಳೆಯದು. 1821ರಲ್ಲಿ ಬರ್ಲಿನ್ನಿನಲ್ಲಿ ಥಾಮಸ್ ಯೋಹಾನ್ ಸೀಬೆಕ್ ಎರಡು ಬೇರೆ ಲೋಹಗಳನ್ನು ಸುತ್ತಾಗಿ ಬೆಸೆದು ಒಂದು ಬೆಸುಗೆಯನ್ನು ಬಿಸಿ ಮಾಡಿದಾಗ ಹತ್ತಿರವಿದ್ದ ದಿಕ್ಸೂಚಿಯ ಮುಳ್ಳು ತಿರುಗಿತು. ಇದು ಶಾಖದಿಂದ ಹುಟ್ಟಿದ ಅಯಸ್ಕಾಂತತೆ ಎಂದೇ ಆತ ತಿಳಿದಿದ್ದ. ಹರಿಯುತ್ತಿರುವುದು ವಿದ್ಯುತ್ತು ಎಂದು ತಿಳಿಸಿದವನು ಓರ್ಸ್ಟೆಡ್. ಇಂದಿನ ಥರ್ಮೋಕಪಲ್ ಅದೇ ಬೆಸುಗೆ. ಅಂಗಡಿಯಲ್ಲಿ ಹೆಚ್ಚು ಸಿಗುವ ಕೆ ಟೈಪ್ ತಂತಿ ಒಂದು ಡಿಗ್ರಿಗೆ ಕೊಡುವುದು ಸುಮಾರು 40 ಮೈಕ್ರೋವೋಲ್ಟ್, ಅಂದರೆ ಒಂದು ವೋಲ್ಟಿನ ಹತ್ತು ಲಕ್ಷದಲ್ಲಿ 40 ಪಾಲು. ಗಮನಿಸಬೇಕಾದ್ದು, ಥರ್ಮೋಕಪಲ್ ತುದಿಯ ತಾಪಮಾನವನ್ನು ನೇರವಾಗಿ ಹೇಳುವುದೇ ಇಲ್ಲ. ತುದಿಗೂ ಮೀಟರಿಗೆ ಸಿಕ್ಕಿಸಿದ ಇನ್ನೊಂದು ಕೊನೆಗೂ ಇರುವ ವ್ಯತ್ಯಾಸವನ್ನು ಹೇಳುತ್ತದೆ. ಮೀಟರು ತನ್ನ ಒಳಗಿನ ಇನ್ನೊಂದು ಸೆನ್ಸರಿನಿಂದ ಆ ಕೊನೆಯ ತಾಪಮಾನ ತಿಳಿದು ಕೂಡಿಸಿಕೊಳ್ಳುತ್ತದೆ. ಎಸಿ ಕೋಣೆಯಿಂದ ಮೀಟರನ್ನು ಎತ್ತಿಕೊಂಡು ಬಿಸಿಲಿಗೆ ಬಂದ ಕೂಡಲೇ ಅಂಕಿ ಅತ್ತಿತ್ತ ಓಲಾಡುವುದು ಇದಕ್ಕೇ: ಒಳಗಿನ ಸೆನ್ಸರ್ ಮತ್ತು ಸಾಕೆಟ್ ಒಂದೇ ತಾಪಮಾನಕ್ಕೆ ಬರಲು ಸ್ವಲ್ಪ ಹೊತ್ತು ಬೇಕು. ಆದರೆ ನಾಲ್ಕೂ ತಂತಿಗಳು ಒಂದೇ ಮೀಟರಿಗೆ ಬಂದು ಸೇರುವುದರಿಂದ ಈ ಕೂಡಿಕೆಯಲ್ಲಿ ಏನೇ ತಪ್ಪಾದರೂ ಅದು ನಾಲ್ಕಕ್ಕೂ ಒಂದೇ ರೀತಿ ತಟ್ಟುತ್ತದೆ. ಮೇಲಿನ ತಟ್ಟೆಗೂ ಕೆಳಗಿನ ತಟ್ಟೆಗೂ ಎಷ್ಟು ವ್ಯತ್ಯಾಸ ಎಂದು ಕಳೆದು ನೋಡಿದಾಗ ಆ ತಪ್ಪು ಕಳೆದುಹೋಗುತ್ತದೆ. ನಾಲ್ಕು ಬೇರೆ ಬೇರೆ ಥರ್ಮಾಮೀಟರುಗಳನ್ನು ಇಟ್ಟರೆ ಈ ಅನುಕೂಲ ಸಿಗದು. ಬಹು ಚಾನೆಲಿನ ಮೀಟರಿಗೆ ಹೆಚ್ಚು ಬೆಲೆ ಕೊಡಲು ನನಗೆ ಕಾಣುವ ಮೊದಲ ಕಾರಣ ಇದೇ. ಅದು ವ್ಯತ್ಯಾಸವನ್ನು ಅಳೆಯುವುದರಲ್ಲಿ ಜಾಣ.

ತಂತಿ ಇಡುವ ಕೆಲಸ ನೋಡಲು ಸುಲಭ, ಮಾಡಲು ತಾಳ್ಮೆ ಬೇಕು. ಒಂದು ತುದಿ ಮೇಲಿನ ತಟ್ಟೆಯ ಹಿಂಭಾಗದಲ್ಲಿ, ಗಾಳಿಯ ಕಿಂಡಿಗೆ ಹತ್ತಿರ. ಇನ್ನೊಂದು ನಡುವಿನ ತಟ್ಟೆಯ ಮಧ್ಯೆ. ಮೂರನೆಯದು ಬಾಗಿಲ ಬಳಿ. ನಾಲ್ಕನೆಯದನ್ನು ಎರಡನೆಯದರ ಪಕ್ಕದಲ್ಲೇ, ಲಸಿಕೆ ಸೀಸೆಯಷ್ಟೇ ಗಾತ್ರದ, ನೀರೋ ಗ್ಲೈಕಾಲೋ ತುಂಬಿದ ಸೀಸೆಯೊಳಗೆ ಮುಳುಗಿಸಿಡಬೇಕು. ತುದಿಯ ಬರಿಯ ಬೆಸುಗೆ ಲೋಹದ ತಟ್ಟೆಗೆ ತಾಗಬಾರದು. ತಾಗಿದರೆ ಅದು ತಟ್ಟೆಯ ತಾಪವನ್ನು ಹೇಳುತ್ತದೆ. ಚಾನೆಲುಗಳ ನಡುವೆ ವಿದ್ಯುತ್ ಪ್ರತ್ಯೇಕತೆ ಇಲ್ಲದ ಮೀಟರುಗಳಲ್ಲಿ ಒಂದರ ಓದು ಇನ್ನೊಂದರೊಳಗೆ ಬೆರೆತು ಅಂಕಿಗಳೆಲ್ಲ ಕೆಡುವುದೂ ಉಂಟು. ತಂತಿಗಳನ್ನು ಬಾಗಿಲ ರಬ್ಬರಿನ ಮೂಲಕ ಹೊರತರುವಾಗ ಕಟ್ಟು ಕಟ್ಟಾಗಿ ತರದೆ ಬಿಡಿಬಿಡಿಯಾಗಿ, ಚಪ್ಪಟೆಯಾಗಿ, ಟೇಪು ಹಚ್ಚಿ ತರಬೇಕು. ಇಲ್ಲದಿದ್ದರೆ ಸಂದಿನಲ್ಲಿ ನುಗ್ಗುವ ಹೊರಗಿನ ಗಾಳಿಯನ್ನೇ ಅಳೆದಂತಾಗುತ್ತದೆ. ತಂತಿ ಸಾಲದೆ ಬಂದರೆ ಮನೆಯ ತಾಮ್ರದ ವೈರನ್ನು ಸೇರಿಸಿ ಉದ್ದ ಮಾಡುವ ಉಪಾಯ ಬೇಡ, ಸೇರಿಸಿದ ಜಾಗದಿಂದಲೇ ಅಳತೆ ಶುರುವಾಗಿಬಿಡುತ್ತದೆ. ನಮ್ಮ ಎಲೆಕ್ಟ್ರಿಷಿಯನ್ನರು ಎಚ್ಚರ ವಹಿಸಬೇಕಾದ ಇನ್ನೊಂದು ಸಂಗತಿಯಿದೆ: ಅಮೆರಿಕದ ಬಣ್ಣದ ಪದ್ಧತಿಯ ಥರ್ಮೋಕಪಲ್ಲುಗಳಲ್ಲಿ ಕೆಂಪು ತಂತಿ ಋಣ. ಕೆಂಪು ಎಂದರೆ ಧನ ಎಂಬ ರೂಢಿಯಲ್ಲಿ ತಿರುಗಾಮುರುಗಾ ಸಿಕ್ಕಿಸಿದರೆ ಬಿಸಿ ಮಾಡಿದಷ್ಟೂ ಅಂಕಿ ಇಳಿಯುತ್ತದೆ.

ಗಾಳಿಯಲ್ಲೊಂದು, ನೀರಿನಲ್ಲೊಂದು ಎಂದು ಪಕ್ಕಪಕ್ಕ ಎರಡು ತುದಿ ಯಾಕೆ? ಗಾಳಿಯಲ್ಲಿನ ಬರಿ ಬೆಸುಗೆ ಬಹಳ ಚುರುಕು. ಬಾಗಿಲು ತೆರೆದರೆ ನೋಡುನೋಡುತ್ತಿದ್ದಂತೆ ಅಂಕಿ 12ಕ್ಕೋ 14ಕ್ಕೋ ಏರಬಹುದು. ಆದರೆ ಅದೇ ಹೊತ್ತಿಗೆ ಸೀಸೆಯೊಳಗಿನ ಲಸಿಕೆ ಅರ್ಧ ಡಿಗ್ರಿಯಷ್ಟೂ ಕದಲಿರುವುದಿಲ್ಲ. ಗಾಳಿಯ ಅಂಕಿಯನ್ನೇ ನಂಬಿದವರು ಬಾಗಿಲು ತೆರೆದಾಗಲೆಲ್ಲ ಗಾಬರಿಬೀಳುತ್ತಾರೆ, ಆಮೇಲೆ ಗಾಬರಿ ಅಭ್ಯಾಸವಾಗಿ ನಿಜವಾದ ಅಪಾಯದ ದಿನವೂ ಸುಮ್ಮನಿರುತ್ತಾರೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ತನ್ನ ಮಕ್ಕಳ ಲಸಿಕಾ ಯೋಜನೆಯಲ್ಲಿ ಭಾಗವಹಿಸುವ ಕ್ಲಿನಿಕ್ಕುಗಳಿಗೆ 2018ರ ಜನವರಿಯಿಂದ, ತಾಪಮಾನವನ್ನು ಹೊತ್ತಿನ ಜೊತೆ ತಾನೇ ಬರೆದಿಡುವ ಡಿಜಿಟಲ್ ಲಾಗರ್ ಕಡ್ಡಾಯ ಮಾಡಿತು. ಅದರ ಸೆನ್ಸರ್ ಗ್ಲೈಕಾಲ್‌ನಂಥ ಒಂದು ತಡೆಯ ದ್ರವ್ಯದೊಳಗೆ ಇರಬೇಕು, ಅರ್ಧ ಗಂಟೆಗೊಮ್ಮೆಯಾದರೂ ದಾಖಲಾಗಬೇಕು, ತಪ್ಪು ಅರ್ಧ ಡಿಗ್ರಿ ಮೀರಬಾರದು ಎಂದು ಅದರ ಶಿಫಾರಸು. ಗಾಳಿಯ ಗೆರೆಯನ್ನೂ ಸೀಸೆಯ ಗೆರೆಯನ್ನೂ ಒಂದೇ ಗ್ರಾಫಿನಲ್ಲಿ ಒಂದರ ಮೇಲೊಂದು ಇಟ್ಟು ನೋಡಿದಾಗ ಈ ಶಿಫಾರಸಿನ ಅರ್ಥ ತಾನಾಗಿ ಬಿಚ್ಚಿಕೊಳ್ಳುತ್ತದೆ. ಗಾಳಿಯ ಗೆರೆ ಕಂಪ್ರೆಸರ್ ಓಡಿದಂತೆ, ನಿಂತಂತೆ ಗರಗಸದ ಹಲ್ಲಿನ ಹಾಗೆ ಏರಿಳಿಯುತ್ತದೆ. ಸೀಸೆಯ ಗೆರೆ ಅದರ ನಡುವೆ ನಿಧಾನವಾಗಿ ಹಾಯುತ್ತದೆ. ರಾತ್ರಿ ಬಾಗಿಲು ತೆರೆಯುವವರಿಲ್ಲ, ಹೊರಗೂ ಚಳಿ; ಸೀಸೆಯ ಗೆರೆ ಬೆಳಗಿನ ಜಾವಕ್ಕೆ ಎಲ್ಲಿಗೆ ಇಳಿಯುತ್ತದೆ ಎಂಬುದನ್ನೇ ನೋಡಬೇಕು. ಅದು 2ರ ಕೆಳಗೆ ಇಳಿದರೆ ಆ ತಟ್ಟೆ ಲಸಿಕೆಗೆ ತಕ್ಕದ್ದಲ್ಲ, ಮಧ್ಯಾಹ್ನ ಎಷ್ಟೇ ಸರಿಯಾಗಿ ಕಂಡರೂ.

ದಿನಕ್ಕೆರಡು ಬಾರಿ ತಾಪಮಾನ ನೋಡಿ ಪುಸ್ತಕದಲ್ಲಿ ಬರೆಯುವ ಪದ್ಧತಿ ಸರ್ಕಾರಿ ಕೇಂದ್ರಗಳಲ್ಲಿದೆ, ಅದೇ ಸಾಲದೇ ಎಂದು ಕೇಳುವವರಿದ್ದಾರೆ. ಆ ಪುಸ್ತಕದ ಬಗ್ಗೆ ನನಗೆ ಗೌರವವಿದೆ. ದಿನಕ್ಕೆ ಎರಡು ಸಲ ಒಬ್ಬರು ಆ ಪೆಟ್ಟಿಗೆಯ ಮುಂದೆ ನಿಲ್ಲುತ್ತಾರೆ ಎಂಬುದೇ ದೊಡ್ಡದು. ಮುಚ್ಚಳ ಸರಿ ಕೂತಿಲ್ಲ, ಮಂಜು ದಪ್ಪವಾಗಿದೆ, ಸ್ಟೆಬಿಲೈಜರ್ ಕೆಂಪು ದೀಪ ತೋರಿಸುತ್ತಿದೆ ಎಂಬುದನ್ನು ಯಾವ ಲಾಗರೂ ಕಂಡುಹಿಡಿಯುವುದಿಲ್ಲ. ಆದರೆ ಬೆಳಿಗ್ಗೆ ಒಂದು, ಸಂಜೆ ಒಂದು ಓದಿನ ನಡುವಿನ ಹೊತ್ತು ಪುಸ್ತಕದಲ್ಲಿ ಖಾಲಿ. ಅತಿ ಕಡಿಮೆ ಮತ್ತು ಅತಿ ಹೆಚ್ಚು ಎಷ್ಟಾಯಿತೆಂದು ನೆನಪಿಡುವ ಥರ್ಮಾಮೀಟರುಗಳು ಈ ಕೊರತೆಯನ್ನು ಅರ್ಧ ತುಂಬುತ್ತವೆ. ಆದರೂ ಮೈನಸ್ 1 ಮುಟ್ಟಿತ್ತು ಎಂದು ಗೊತ್ತಾದರೆ ಸಾಲದು. ಮೂರು ನಿಮಿಷ ಮುಟ್ಟಿತ್ತೋ ಮೂರು ಗಂಟೆ ಅಲ್ಲೇ ನಿಂತಿತ್ತೋ ಎಂಬುದರ ಮೇಲೆ ಲಸಿಕೆಯ ಗತಿ ನಿಂತಿದೆ, ಅದನ್ನು ಹೇಳುವುದು ಹೊತ್ತಿನ ಜೊತೆ ಬರೆದಿಟ್ಟ ದಾಖಲೆ ಮಾತ್ರ. ನಮ್ಮ ಸರ್ಕಾರಿ ಲಸಿಕಾ ಜಾಲದಲ್ಲಿ 2015ರಲ್ಲಿ ಆರಂಭವಾದ ಇವಿನ್ ಎಂಬ ವ್ಯವಸ್ಥೆ ಲಸಿಕಾ ದಾಸ್ತಾನಿನ ಜೊತೆಗೆ ತಾಪಮಾನವನ್ನೂ ದೂರದಿಂದಲೇ ನೋಡಲು ದಾರಿ ಮಾಡಿತು. ಸರ್ಕಾರಿ ವಲಯ ಇಷ್ಟು ಮುಂದೆ ಹೋಗಿರುವಾಗ ಹಣ ತೆತ್ತು ಹಾಕಿಸಿಕೊಳ್ಳುವ ಖಾಸಗಿ ಲಸಿಕೆ ಬರಿ ಬಾಗಿಲ ಪರದೆಯ ಭರವಸೆಯಲ್ಲಿ ಇರುವುದು ವಿಚಿತ್ರ.

ಬಹು ಚಾನೆಲಿನ ಮೀಟರಿನ ವಿರುದ್ಧ ನಾನು ಕೇಳಿರುವ ಆಕ್ಷೇಪಗಳಲ್ಲಿ ನಿಜಕ್ಕೂ ತೂಕದ್ದು ಒಂದಿದೆ: ನಾಲ್ಕು ಸಾಧಾರಣ ಪ್ರೋಬುಗಳಿಗಿಂತ ಒಂದು ಒಳ್ಳೆಯ ಪ್ರೋಬ್ ಮೇಲು. ಈ ಮಾತಿನ ಹಿಂದೆ ಲೆಕ್ಕವಿದೆ. ಸಾಮಾನ್ಯ ದರ್ಜೆಯ ಕೆ ಟೈಪ್ ತಂತಿಗೆ ಅಮೆರಿಕದ ಮಾನಕ ಒಪ್ಪುವ ತಪ್ಪೇ 2.2 ಡಿಗ್ರಿ, ಹೆಚ್ಚು ಕಡೆಗೂ ಕಡಿಮೆ ಕಡೆಗೂ. ಅದರ ಮೇಲೆ ಮೀಟರಿನ ಸ್ವಂತ ತಪ್ಪು ಬೇರೆ. ನಮಗಿರುವ ಅವಕಾಶ 2ರಿಂದ 8, ಒಟ್ಟು ಆರು ಡಿಗ್ರಿ. ಪರದೆಯಲ್ಲಿ 3.4 ಎಂದು ದಶಾಂಶದವರೆಗೆ ಕಾಣುತ್ತಿರುವಾಗ ನಿಜವಾದ ತಾಪ 1.2 ಇರಬಹುದು ಎಂದರೆ ಆ ದಶಾಂಶ ಬರಿ ಅಲಂಕಾರ. ಕೊಳ್ಳುವವರು ಸೋಲುವುದು ಇಲ್ಲೇ. ಮೀಟರು 0.1 ಡಿಗ್ರಿ ತೋರಿಸುತ್ತದೆ ಎಂಬುದಕ್ಕೂ 0.1 ಡಿಗ್ರಿಯಷ್ಟು ಸರಿಯಾಗಿ ಹೇಳುತ್ತದೆ ಎಂಬುದಕ್ಕೂ ಸಂಬಂಧವೇ ಇಲ್ಲ. ಕೆ ಟೈಪ್ ಹೆಸರಾಗಿರುವುದು ಒಲೆ, ಬಾಯ್ಲರ್, ಕುಲುಮೆಗಳ ಕೆಲಸಕ್ಕೆ. ಸಾವಿರ ಡಿಗ್ರಿಯ ಆಚೆಗೂ ಅದು ತಾಳುತ್ತದೆ. ತಂಪಿನ ಕೆಲಸಕ್ಕೆ ತಾಮ್ರ ಮತ್ತು ಕಾನ್‌ಸ್ಟಂಟಾನ್ ಸೇರಿದ ಟಿ ಟೈಪ್ ಮೇಲು, ಅಂತರರಾಷ್ಟ್ರೀಯ ಮಾನಕದ ಮೊದಲ ದರ್ಜೆಯಲ್ಲಿ ಅದರ ತಪ್ಪು ಅರ್ಧ ಡಿಗ್ರಿ. ಅದಕ್ಕೂ ಮೇಲೆ ಪಿಟಿ 100 ಎಂಬ ಪ್ಲಾಟಿನಂ ಸೆನ್ಸರ್. ಶೂನ್ಯ ಡಿಗ್ರಿಯಲ್ಲಿ 100 ಓಮ್ ಇರುವ ಅದರ ರೋಧ 100 ಡಿಗ್ರಿಯಲ್ಲಿ 138.5 ಓಮ್ ಆಗುತ್ತದೆ. ಎ ದರ್ಜೆಯದಾದರೆ ಫ್ರಿಜ್ಜಿನ ತಾಪದಲ್ಲಿ ತಪ್ಪು 0.16 ಡಿಗ್ರಿಯ ಆಸುಪಾಸು.

ಆದರೂ ಈ ಆಕ್ಷೇಪ ಪೂರ್ತಿ ಗೆಲ್ಲುವುದಿಲ್ಲ. ತಪ್ಪು ಎಷ್ಟೆಂದು ತಿಳಿದರೆ ಅದನ್ನು ಕಳೆಯಬಹುದು, ತಿಳಿಯುವ ವಿಧಾನ ಎಲ್ಲರ ಕೈಯಲ್ಲೂ ಇದೆ. ಶುದ್ಧ ನೀರಿನ ಮಂಜುಗಡ್ಡೆಯನ್ನು ಚೆನ್ನಾಗಿ ಜಜ್ಜಿ ಫ್ಲಾಸ್ಕಿನಲ್ಲಿ ತುಂಬಿ, ಸಂದುಗಳು ತುಂಬುವಷ್ಟು ತಣ್ಣೀರು ಹೊಯ್ದು ಕಲಕಬೇಕು. ನೀರು ಹೊಯ್ಯುವುದು ಮುಖ್ಯ. ಫ್ರೀಜರಿನಿಂದ ಆಗತಾನೆ ತೆಗೆದ ಗಡ್ಡೆ ಮೈನಸ್ ಹತ್ತರಲ್ಲೋ ಹದಿನೈದರಲ್ಲೋ ಇರುತ್ತದೆ. ಗಡ್ಡೆಯೂ ನೀರೂ ಕೂಡಿ ಕರಗುತ್ತಿರುವಾಗ ಮಾತ್ರ ಅದು ಶೂನ್ಯ. ನಾಲ್ಕೂ ತುದಿಗಳನ್ನು ಒಟ್ಟಿಗೆ ಹಿಡಿದು, ಪಾತ್ರೆಯ ತಳಕ್ಕೂ ಗೋಡೆಗೂ ತಾಗದಂತೆ ಆಳಕ್ಕೆ ಇಳಿಸಿ ಕಾಯಬೇಕು. ಒಂದು 0.6 ತೋರಿಸಬಹುದು, ಇನ್ನೊಂದು ಮೈನಸ್ 0.4, ಮತ್ತೊಂದು 1.1. ಇವೇ ಆಯಾ ಪ್ರೋಬಿನ ತಪ್ಪುಗಳು. ಪ್ರೋಬಿಗೆ ನಂಬರಿನ ಚೀಟಿ ಅಂಟಿಸಿ, ತಪ್ಪನ್ನು ಬರೆದಿಟ್ಟು, ಮುಂದಿನ ಎಲ್ಲ ಓದಿನಿಂದ ಕಳೆಯುತ್ತ ಹೋದರೆ ಶೂನ್ಯದ ಆಸುಪಾಸಿನಲ್ಲಿ ಸಾಧಾರಣ ತಂತಿಯೂ ಮರ್ಯಾದೆಯಿಂದ ಕೆಲಸ ಮಾಡುತ್ತದೆ. ಕುದಿಯುವ ನೀರಿನಲ್ಲಿ 100 ತೋರಿಸುತ್ತದೆಯೇ ಎಂದೂ ಕೆಲವರು ಪರೀಕ್ಷಿಸುತ್ತಾರೆ. ಮಂಗಳೂರಿನಲ್ಲಿ ಅದು ಸರಿ. ಸಮುದ್ರಮಟ್ಟಕ್ಕಿಂತ 900 ಮೀಟರಿಗೂ ಎತ್ತರದ ಬೆಂಗಳೂರಿನಲ್ಲಿ ನೀರು ಸುಮಾರು 97ಕ್ಕೇ ಕುದಿಯುವುದರಿಂದ, ಅಲ್ಲಿ 100 ತೋರಿಸುವ ಥರ್ಮಾಮೀಟರೇ ತಪ್ಪು. ಮಂಜಿನ ಪರೀಕ್ಷೆ ಎಲ್ಲ ಊರಿಗೂ ಒಂದೇ. ಲೆಕ್ಕಪರಿಶೋಧನೆಗೆ ಕಾಗದ ಬೇಕಾದವರು ಎನ್‌ಎಬಿಎಲ್ ಮಾನ್ಯತೆಯ ಪ್ರಯೋಗಾಲಯದಿಂದ ಪ್ರಮಾಣಪತ್ರ ಮಾಡಿಸಿಕೊಳ್ಳಲೇಬೇಕು, ಮಂಜಿನ ಫ್ಲಾಸ್ಕು ಅದಕ್ಕೆ ಬದಲಿಯಲ್ಲ.

ಗನ್ನಿನ ಹಾಗೆ ಗುರಿಯಿಟ್ಟು ಒತ್ತುವ ಇನ್‌ಫ್ರಾರೆಡ್ ಥರ್ಮಾಮೀಟರ್ ಇದೆಯಲ್ಲ, ತಂತಿಯ ಗೋಜಲು ಯಾಕೆ ಎಂಬವರಿಗೆ ಚಿಕ್ಕ ಉತ್ತರ. ಅದು ಮೇಲ್ಮೈಯಿಂದ ಹೊಮ್ಮುವ ಕಿರಣವನ್ನು ಓದುತ್ತದೆ, ಒಳಗಿನದನ್ನಲ್ಲ. ಹೊಳೆಯುವ ಸ್ಟೀಲು ತನ್ನ ಕಿರಣವನ್ನು ಕಡಿಮೆ ಹೊಮ್ಮಿಸಿ ಸುತ್ತಲಿನದನ್ನು ಪ್ರತಿಫಲಿಸುವುದರಿಂದ ಬಿಸಿ ಪಾತ್ರೆ ತಣ್ಣಗಿದ್ದಂತೆ ತೋರುತ್ತದೆ. ಬಾಗಿಲು ತೆರೆಯದೆ ಅದನ್ನು ಫ್ರಿಜ್ಜಿನೊಳಗೆ ಬಳಸುವಂತೆಯೂ ಇಲ್ಲ.

ಇನ್ನೊಂದು ಆಕ್ಷೇಪ ಬೇಸರದ್ದು: ಇಷ್ಟೊಂದು ಅಂಕಿಗಳನ್ನು ಓದುವವರು ಯಾರು? ಐದು ನಿಮಿಷಕ್ಕೊಮ್ಮೆ, ನಾಲ್ಕು ಚಾನೆಲ್, ಒಂದು ವಾರ ಎಂದರೆ 8,064 ಓದುಗಳು. ವರ್ಷವಿಡೀ ಹೀಗೆ ಗುಡ್ಡೆ ಹಾಕುವವರಿಗೆ ಈ ಆಕ್ಷೇಪ ಸರಿಯಾಗಿ ತಟ್ಟುತ್ತದೆ, ತಟ್ಟಲಿ. ಯಾರೂ ತೆರೆಯದ ಫೈಲುಗಳು ಭದ್ರತೆಯ ಭ್ರಮೆ ಕೊಡುತ್ತವೆಯೇ ಹೊರತು ಭದ್ರತೆ ಕೊಡುವುದಿಲ್ಲ. ಒಂದು ವಾರದ ತಪಾಸಣೆಯ ಮಾತು ಬೇರೆ. ಆ 8,064 ಅಂಕಿಗಳು ಗ್ರಾಫಿನಲ್ಲಿ ನಾಲ್ಕು ಗೆರೆ. ಎಲ್ಲಕ್ಕಿಂತ ಕೆಳಗೆ ಇಳಿದ ಗೆರೆ ಯಾವುದು, ಎಲ್ಲಕ್ಕಿಂತ ಮೇಲೆ ಏರಿದ್ದು ಯಾವುದು, ಕರೆಂಟ್ ಹೋದಾಗ ಸೀಸೆಯ ಗೆರೆ 8 ಮುಟ್ಟಲು ಎಷ್ಟು ಹೊತ್ತು ಹಿಡಿಯಿತು ಎಂದು ನೋಡಲು ಐದು ನಿಮಿಷ ಸಾಕು. ಆ ಕೊನೆಯ ಉತ್ತರವೊಂದೇ ಜನರೇಟರಿಗೆ ಓಡಬೇಕೋ ಸುಮ್ಮನೆ ಬಾಗಿಲು ಮುಚ್ಚಿಟ್ಟು ಕಾಯಬೇಕೋ ಎಂಬ ಗೊಂದಲವನ್ನು ಬಗೆಹರಿಸುತ್ತದೆ. ಆಮೇಲೆ ಅತಿ ಕೆಟ್ಟ ಜಾಗದಲ್ಲಿ ಒಂದು ಒಳ್ಳೆಯ ಲಾಗರ್ ಇಟ್ಟು ನಾಲ್ಕು ತಂತಿಯ ಮೀಟರನ್ನು ಎತ್ತಿಟ್ಟರಾಯಿತು. ಫ್ರಿಜ್ಜಿನ ಜಾಗ ಬದಲಾದಾಗ, ದಾಸ್ತಾನು ದುಪ್ಪಟ್ಟಾದಾಗ, ಕಂಪ್ರೆಸರ್ ರಿಪೇರಿಯಾದಾಗ, ಬೇಸಿಗೆಗೊಮ್ಮೆ ಚಳಿಗಾಲಕ್ಕೊಮ್ಮೆ ಮತ್ತೆ ತೆಗೆದರೆ ಸಾಕು. ದೊಡ್ಡ ದಾಸ್ತಾನು ಕೋಣೆಗಳಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ತಾಪಮಾನ ನಕ್ಷೆಯ ಹಿಂದಿರುವ ತರ್ಕವೂ ಇದೇ: ಮೊದಲು ಹಲವು ಕಡೆ ಅಳೆ, ಆಮೇಲೆ ಕಾವಲಿನ ಸೆನ್ಸರ್ ಎಲ್ಲಿ ಎಂದು ಗೊತ್ತುಮಾಡು.

ಇಷ್ಟು ವರ್ಷ ಹೀಗೇ ನಡೆದಿದೆ, ಯಾರಿಗೇನಾಗಿದೆ ಎಂಬುದು ಜಾಣ ಪ್ರಶ್ನೆಯಂತೆ ಕಾಣುತ್ತದೆ. ಹೆಪ್ಪುಗಟ್ಟಿ ಕರಗಿದ ಲಸಿಕೆ ಹಾಕಿಸಿಕೊಂಡ ಮಗುವಿಗೆ ಅಂದು ಏನೂ ಆಗುವುದಿಲ್ಲ, ಅದು ಉಳಿದ ಮಕ್ಕಳಂತೆಯೇ ಅತ್ತು ಮನೆಗೆ ಹೋಗುತ್ತದೆ. ಬೇಕಾದ ರಕ್ಷಣೆ ಬಂದಿಲ್ಲ ಎಂಬುದು ವರ್ಷಗಳ ಮೇಲೆ, ರೋಗ ಬಂದಾಗ ಗೊತ್ತಾದೀತು. ಆಗಲೂ ಯಾರೂ ಆ ಹಳೆಯ ಫ್ರಿಜ್ಜಿನ ಹಿಂದಿನ ಮೂಲೆಯನ್ನು ನೆನೆಯುವುದಿಲ್ಲ. ದೂರು ಬಂದಿಲ್ಲ ಎಂಬುದು ಇಲ್ಲಿ ಸಾಕ್ಷಿಯಾಗಲಾರದು. ಕೆಟ್ಟ ಹಾಲು ಒಡೆದು ತಾನೇ ಹೇಳಿಕೊಳ್ಳುತ್ತದೆ, ಕೆಟ್ಟ ಲಸಿಕೆ ಹೇಳಿಕೊಳ್ಳುವುದಿಲ್ಲ.

ಎಲ್ಲ ಕಡೆಯೂ ಹಲವು ತಂತಿ ಬೇಕೆಂದಿಲ್ಲ ಎಂಬುದನ್ನೂ ಹೇಳಬೇಕು. ನಿರಂತರ ಕಲಕುತ್ತಿರುವ ಹಾಲಿನ ತೊಟ್ಟಿಯಲ್ಲಿ ಒಂದು ಸರಿಯಾದ ಪ್ರೋಬ್ ಇಡೀ ಹಾಲಿನ ಪರವಾಗಿ ಮಾತಾಡಬಲ್ಲದು. ಅಲ್ಲೂ ಒಂದು ತಿರುವಿದೆ. ತೊಟ್ಟಿಯಲ್ಲಿ ಹಾಲನ್ನು 63 ಡಿಗ್ರಿಯಲ್ಲಿ ಅರ್ಧ ಗಂಟೆ ಇಟ್ಟು ಪಾಶ್ಚರೀಕರಣ ಮಾಡುವ ವಿಧಾನದಲ್ಲಿ, ಅಮೆರಿಕದ ಹಾಲಿನ ನಿಯಮಾವಳಿ ಹಾಲಿನೊಳಗಿನ ಥರ್ಮಾಮೀಟರಿನ ಜೊತೆಗೆ ಹಾಲಿನ ಮೇಲಿನ ಗಾಳಿಯ ಜಾಗಕ್ಕೂ ಒಂದನ್ನು ಕಡ್ಡಾಯ ಮಾಡಿದೆ. ಹಾಲು ಕಲಕುತ್ತಿದ್ದರೂ ಮೇಲಿನ ನೊರೆ ಕಲಕುವುದಿಲ್ಲ, ತಣ್ಣಗೆ ಉಳಿದ ನೊರೆಯಲ್ಲಿ ರೋಗಾಣು ಬದುಕಿರಬಹುದು ಎಂಬುದು ಕಾರಣ. ಎಷ್ಟು ತಂತಿ ಬೇಕು ಎಂಬುದನ್ನು ಮೀಟರಿನ ಕ್ಯಾಟಲಾಗ್ ನೋಡಿ ತೀರ್ಮಾನಿಸಬಾರದು, ಸರಕು ಎಲ್ಲೆಲ್ಲಿ ಒಂದೇ ಥರ ಇಲ್ಲ ಎಂಬುದನ್ನು ನೋಡಿ ತೀರ್ಮಾನಿಸಬೇಕು.

ಹಾಗಾಗಿ ಕೇಳಿದವರಿಗೆ ನನ್ನ ಸಲಹೆ ಇಷ್ಟು. ಸಣ್ಣ ಅಂಗಡಿ, ಒಂದು ಫ್ರಿಜ್ಜು ಇರುವವರು ನಾಲ್ಕು ಚಾನೆಲಿನ ಮೀಟರನ್ನು ಸ್ವಂತಕ್ಕೆ ಕೊಳ್ಳಬೇಡಿ. ನಿಮ್ಮ ಊರಿನ ಔಷಧ ವ್ಯಾಪಾರಿಗಳ ಸಂಘವೋ ವೈದ್ಯರ ಸಂಘವೋ ಒಂದನ್ನು ಕೊಂಡು ಸರದಿಯ ಮೇಲೆ ಕೊಡಲಿ, ಒಬ್ಬೊಬ್ಬರಿಗೆ ಒಂದು ವಾರ ಸಾಕು. ಕೊಳ್ಳುವಾಗ ಎಷ್ಟು ದಶಾಂಶ ತೋರಿಸುತ್ತದೆ ಎಂದು ಕೇಳದೆ, ಪ್ರೋಬ್ ಯಾವ ಟೈಪ್, ಯಾವ ದರ್ಜೆ, ಗಡಿಯಾರ ಬ್ಯಾಟರಿ ತೆಗೆದರೂ ನಿಲ್ಲದೆ ಓಡುತ್ತದೆಯೇ ಎಂದು ಕೇಳಿ. ಒಂದೇ ಲಾಗರ್ ಇದ್ದವರು ದಿನಕ್ಕೊಂದು ತಟ್ಟೆಗೆ ಅದನ್ನು ಸರಿಸುತ್ತ ವಾರದಲ್ಲಿ ಒಂದು ಒರಟು ನಕ್ಷೆ ಮಾಡಿಕೊಳ್ಳಬಹುದು. ಒಂದೇ ಹೊತ್ತಿನ ಹೋಲಿಕೆ ಸಿಗದಿದ್ದರೂ ಹೆಪ್ಪುಗಟ್ಟುವ ಮೂಲೆ ಯಾವುದೆಂದು ಗೊತ್ತಾಗುತ್ತದೆ. ಮನೆಯಲ್ಲಿ ಇನ್ಸುಲಿನ್ ಇಟ್ಟುಕೊಂಡವರಿಗೆ ಮೀಟರೂ ಬೇಡ, ಲಾಗರೂ ಬೇಡ. ಫ್ರೀಜರಿಗೆ ಹತ್ತಿರ, ಹಿಂದಿನ ಗೋಡೆಗೆ ತಾಗಿಸಿ, ಗಾಳಿಯ ಕಿಂಡಿಯ ಎದುರಿಗೆ ಇಡಬೇಡಿ, ಬಾಗಿಲ ತಟ್ಟೆಯಲ್ಲೂ ಬೇಡ. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿ ಮೊದಲಿನಂತೆಯೇ ಕಂಡರೂ ಅದನ್ನು ಚುಚ್ಚಿಕೊಳ್ಳದೆ ಎಸೆಯಿರಿ.